ಸತ್ತ ಸುಬ್ಬಕೃಷ್ಣ ಹೇಳಿದ ಬಂಗಲೆ ಪಿಚ್ಚರ್

ಅರವತ್ತರ ದಶಕದಲ್ಲಿ ಕುಣಿಗಲ್ಲಿನ ಟೂರಿಂಗ್ ಟಾಕೀಸಿಗೆ ಹೋದವರು ಯಾರೇ ಆಗಲಿ ಸುಬ್ಬಕೃಷ್ಣನನ್ನು ಮರೆತಿರಲಾರರು. ಪಿಚ್ಚರ್ ಹಿಂದಿಯದೋ ತಮಿಳಿನದೋ ಆದರೆ, ಪರದೆಯ ಪಕ್ಕದಲ್ಲಿ ಒಂದು ಮುರುಕು ಸ್ಟೂಲು ಹಾಕಿಕೊಂಡು, ತಗಡಿನ ಮೆಗಾಫೋನನ್ನು ಬಾಯಿಗಿಟ್ಟುಕೊಂಡು, ಕಥೆಯನ್ನೆಲ್ಲ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದವನು ಅವನೇ. ಕಿವಿಯ ಹತ್ತಿರ ಕೂದಲು ನರೆತಿತ್ತು. "ಸ್ವಾಮಿ, ತಮಗೆ ವಯಸ್ಸೆಷ್ಟು?" ಅಂತ ಯಾರಾದರೂ ಕೇಳಿದರೆ ಮುಖ ಗಂಭೀರ ಮಾಡಿಕೊಂಡು, "ಈ ಮಾಘಕ್ಕೆ ಆರು ತುಂಬತ್ತೆ" ಅನ್ನುತ್ತಿದ್ದ. ಕೇಳಿದವರು ನಕ್ಕರೂ ಅವನು ನಗುತ್ತಿರಲಿಲ್ಲ. ಹೆಂಗಸರ ಕಡೆ ಕೂತಿದ್ದ ಅವನ ಹೆಂಡತಿ ರಾಧಮ್ಮ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಕೇಳಿದವರಿಗೆ ತಮಾಷೆ. ಆದರೆ ಅವನು ಹೇಳುತ್ತಿದ್ದುದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಸುಬ್ಬಕೃಷ್ಣನ ಊರು ಗುಬ್ಬಿ. ಅಪ್ಪ ಸೀತಾರಾಮಯ್ಯ, ಊರಿಗೆಲ್ಲ ಪುರೋಹಿತರು. ಮದುವೆ, ಮುಂಜಿ, ಮಸಣ, ಯಾವುದೇ ಆಗಲಿ ಅವರಿಲ್ಲದೆ ನಡೆಯುತ್ತಿರಲಿಲ್ಲ. ಮಂತ್ರ ಎಷ್ಟು ಗಟ್ಟಿಯೋ ಕೋಪವೂ ಅಷ್ಟೇ ಗಟ್ಟಿ, ಸದಾ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಮಗನಿಗೂ ಅದೇ ಮೂಗು ಬಂದಿತ್ತು. ತಾಯಿ ಬೇಗ ತೀರಿಕೊಂಡಿದ್ದರಿಂದ ಈ ಎರಡು ಮೂಗುಗಳ ಮಧ್ಯೆ ನಿಂತು ಸಮಾಧಾನ ಹೇಳುವವರು ಯಾರೂ ಇರಲಿಲ್ಲ. ಕುಣಿಗಲ್ಲಿನಿಂದ ಸೊಸೆಯಾಗಿ ಬಂದ ರಾಧಮ್ಮನಿಗೆ ಆಗಿನ್ನೂ ಆ ಧೈರ್ಯ ಬಂದಿರಲಿಲ್ಲ.

ಜಗಳ ಎದ್ದದ್ದು ಸಿನಿಮಾದ ಮೇಲೆ. ಅಪ್ಪ ಸಂಧ್ಯಾವಂದನೆಗೆ ಕೂತರೆ ಮಗ ಕೆರೆಯ ಹತ್ತಿರದ ಟೆಂಟಿನಲ್ಲಿ ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತಿರುತ್ತಿದ್ದ. ಯಜಮಾನರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗೆಂದರೆ ತುಮಕೂರಿನ ಟಾಕೀಸಿಗೆ ಹೋಗಿ ಬಂದ. ಅವತ್ತು ಸೀತಾರಾಮಯ್ಯನವರು ಸೊಸೆಯ ಎದುರಿಗೇ, "ಬಣ್ಣ ಬಳಕೊಂಡೋರನ್ನ ನೋಡ್ತಾ ಕೂರೋನು ಈ ಮನೆ ಹೊಸ್ತಿಲು ತುಳೀಬೇಡ!" ಅಂದುಬಿಟ್ಟರು. ಮಗ ಸುಮ್ಮನಿರಬೇಕೋ ಬೇಡವೋ? "ಹಾಗಾದ್ರೆ ನಾನು ಸತ್ತೆ ಅಂತ ತಿಳ್ಕೊಳ್ಳಿ. ಎಳ್ಳುನೀರು ಬಿಟ್ಟುಬಿಡಿ, ನಿಮಗೆ ಮಂತ್ರಕ್ಕೇನು ಬರ!" ಅಂದವನೇ ಮದುವೆಗೆ ಹೊಲಿಸಿದ್ದ ಕರಿ ಕೋಟು ಏರಿಸಿಕೊಂಡು ಸ್ಟೇಷನ್ನಿಗೆ ನಡೆದ. ರಾಧಮ್ಮ ಬಾಗಿಲ ಸಂದಿಯಲ್ಲಿ ನಿಂತೇ ಇದ್ದಳು. ಅವಳ ಕಡೆ ತಿರುಗಿ ನೋಡಲಿಲ್ಲವಲ್ಲ ಅನ್ನುವುದು ಅವನನ್ನು ಆಮೇಲೆ ಬಹಳ ಕಾಲ ಕೊರೆಯಿತು.

ಪುಷ್ಯ ಮಾಸದ ಚಳಿ. ಗುಬ್ಬಿ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಮುದುಕನೊಬ್ಬ ಮೈಮೇಲೆ ಚಿಂದಿಯೂ ಸರಿಯಾಗಿಲ್ಲದೆ ಗಡಗಡ ನಡುಗುತ್ತಿದ್ದ. ಅರಸೀಕೆರೆ ಕಡೆ ಹೋಗುವವನು. ಸುಬ್ಬಕೃಷ್ಣ ಕೋಪಿಷ್ಠನಾದರೂ ಕರುಳಿದ್ದವನು, ಕೋಟು ಬಿಚ್ಚಿ ಮುದುಕನಿಗೆ ತೊಡಿಸಿ ಗುಂಡಿಯನ್ನೂ ತಾನೇ ಹಾಕಿದ. ತಾನು ಬೆಂಗಳೂರಿನ ಗಾಡಿ ಹತ್ತಿ, ಅಲ್ಲಿಂದ ಮದರಾಸಿಗೆ ಹೋದ. ಮುದುಕ ಆಚೆ ಕಡೆಯ ಗಾಡಿ ಹತ್ತಿದ. ನಿಟ್ಟೂರಿನ ಹತ್ತಿರ ಅವನು ಹೇಗೆ ಜಾರಿದನೋ ದೇವರಿಗೇ ಗೊತ್ತು. ಮಾರನೇ ದಿನ ಹಳಿಯ ಮೇಲೆ ಸಿಕ್ಕ ದೇಹದಲ್ಲಿ ಗುರುತು ಹಿಡಿಯುವಂಥದ್ದು ಉಳಿದಿದ್ದು ಕೋಟೊಂದೇ. ಕೊರಳಪಟ್ಟಿಯೊಳಗೆ ತುಮಕೂರಿನ ದರ್ಜಿಯ ಚೀಟಿ ಇತ್ತು. ಸೀತಾರಾಮಯ್ಯನವರು ಬಂದು ಆ ಕೋಟನ್ನು ಮುಟ್ಟಿ ನೋಡಿ, ಅಲ್ಲೇ ಹಳಿಯ ಪಕ್ಕ ಕುಸಿದರು. ಮಗ ಹೇಳಿದಂತೆಯೇ ಎಳ್ಳುನೀರು ಬಿಟ್ಟರು. ರಾಧಮ್ಮನ ಹಣೆ ಬೋಳಾಯಿತು, ಕೈ ಬೋಳಾಯಿತು. ಅವಳ ಕೂದಲು ತೆಗೆಸುವ ಮಾತು ಬಂದಾಗ ಮಾತ್ರ ಮಾವನವರು, "ನನ್ನ ಮನೇಲಿ ಅದಾಗಲ್ಲ, ಯಾವನು ಏನ್ ಬೇಕಾದ್ರೂ ಅಂದ್ಕೊಳ್ಲಿ" ಅಂತ ಗುಡುಗಿದರಂತೆ. ಮನೆಯಲ್ಲಿದ್ದ ಒಂದೇ ಕನ್ನಡಿಯನ್ನು ಅವಳು ತಾನೇ ಗೋಡೆಯ ಕಡೆ ಮುಖ ಮಾಡಿ ತಿರುಗಿಸಿ ಇಟ್ಟಳು.

ಇತ್ತ ನಮ್ಮ ಮಹಾರಾಯ ಮದರಾಸಿನ ಸ್ಟುಡಿಯೋದಲ್ಲಿ ದೀಪದ ಕಂಬ ಹೊರುತ್ತಿದ್ದ. ಒಂದು ಕಾರ್ಡು ಬರೆದಿದ್ದರೆ ಮುಗಿದುಹೋಗುತ್ತಿತ್ತು. ಬರೆಯಲಿಲ್ಲ. ಒಳ್ಳೆ ಕೆಲಸ ಸಿಗಲಿ, ಆಮೇಲೆ ಬರೆಯೋಣ, ಅಪ್ಪ ಮೂಗಿನ ಮೇಲೆ ಬೆರಳಿಡುವಂತಾಗಲಿ ಅಂತ ಕಾದ. ಹಿಂದಿ ಬಂತು, ತಮಿಳು ಬಂತು, ಒಳ್ಳೆ ಕೆಲಸ ಬರಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಒಂದು ಪುಷ್ಯದಲ್ಲಿ ರಾಧಮ್ಮನ ನೆನಪು ಎಷ್ಟು ಹಿಂಡಿತೆಂದರೆ, ಉಟ್ಟ ಬಟ್ಟೆಯಲ್ಲೇ ಗಾಡಿ ಹತ್ತಿ ಗುಬ್ಬಿಗೆ ಬಂದ.

ಬೀದಿಗೆ ಕಾಲಿಟ್ಟರೆ ತನ್ನ ಮನೆಯಿಂದಲೇ ವಡೆಯ ವಾಸನೆ! ಅಮ್ಮನ ತಿಥಿ ಇವತ್ತಲ್ಲವಲ್ಲ ಅಂದುಕೊಳ್ಳುತ್ತ ಜಗುಲಿ ಹತ್ತಿ ಇಣುಕಿದ. ಅಪ್ಪ ಪಿಂಡ ಹಿಡಿದುಕೊಂಡು ಕೂತಿದ್ದರು. ಬಾಯಿಂದ ಬರುತ್ತಿದ್ದ ಹೆಸರು ಸುಬ್ಬಕೃಷ್ಣನದೇ. ಅಯ್ಯೋ ದೇವರೇ! ತನ್ನ ತಿಥಿಯ ಊಟದ ಹೊತ್ತಿಗೆ ಸರಿಯಾಗಿ ಬಂದು ನಿಂತ ಮನುಷ್ಯ ಗುಬ್ಬಿ ತಾಲ್ಲೂಕಿನಲ್ಲಿ ಅವನೊಬ್ಬನೇ ಇರಬೇಕು. ಊಟಕ್ಕೆ ಕೂತಿದ್ದ ಬ್ರಾಹ್ಮಣರು ಎಲೆ ದಾಟಿಕೊಂಡು ಹಿತ್ತಲಿಗೆ ಓಡಿದರು. ರಾಧಮ್ಮನ ಕೈಯಲ್ಲಿದ್ದ ಪಾಯಸದ ಪಾತ್ರೆ ನೆಲಕ್ಕೆ ಬಿತ್ತು. ಅವಳ ಬೋಳು ಹಣೆ ನೋಡಿ ಸುಬ್ಬಕೃಷ್ಣನಿಗೆ ಎಲ್ಲ ಅರ್ಥವಾಯಿತು.

ಸೀತಾರಾಮಯ್ಯನವರು ಅಲುಗಾಡಲಿಲ್ಲ. ಕೈಯಲ್ಲಿದ್ದ ಪಿಂಡವನ್ನು ಎಲೆಯ ಮೇಲಿಟ್ಟರು. "ನಿಂತ್ಕೊ. ಒಳಗೆ ಬರಬೇಡ. ಹಳಿ ಮೇಲಿನ ಹೆಣದ ಮೈಮೇಲೆ ನಿನ್ನ ಕೋಟು ನೋಡಿ ನಿನಗೆ ಅಂತ್ಯಕ್ರಿಯೆ ಮಾಡಿದೀನಿ. ಮಾಡಿದ ಮೇಲೆ ತಿರುಗಿ ಬಂದೋನಿಗೆ ಶಾಸ್ತ್ರದಲ್ಲಿ ದಾರಿ ಇದೆ. ಮತ್ತೆ ಹುಟ್ಟಬೇಕು" ಅಂದರು.

ದಾರಿ ಇದ್ದದ್ದು ಹೀಗೆ: ತುಪ್ಪವೂ ನೀರೂ ಬೆರೆಸಿದ ಹಂಡೆಯಲ್ಲಿ ಮನುಷ್ಯ ಬಸಿರೊಳಗಿನ ಕೂಸಿನಂತೆ ಮುದುಡಿ, ಮುಷ್ಟಿ ಬಿಗಿಹಿಡಿದು, ಮಾತಿಲ್ಲದೆ ಕೂರಬೇಕು. ಆಮೇಲೆ ಅಪ್ಪನಾದವನು ಅವನನ್ನು ಎತ್ತಿಕೊಂಡು ಜಾತಕರ್ಮ, ನಾಮಕರಣ, ಮುಂಜಿ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಕೊನೆಗೆ ಅವನು ತನ್ನ ಹೆಂಡತಿಯನ್ನೇ ಮತ್ತೊಮ್ಮೆ ಮದುವೆಯಾಗಬೇಕು. ಅಲ್ಲಿಯವರೆಗೆ ಆ ಮನೆಗೆ ಅವನು ಸತ್ತವನೇ, ಅವಳು ವಿಧವೆಯೇ.

ಸುಬ್ಬಕೃಷ್ಣನ ಮೂಗು ಕೆಂಪಾಯಿತು. "ನಾನೇನು ಸತ್ತಿದ್ನಾ ಹುಟ್ಟೋಕೆ? ತಪ್ಪು ಹೆಣ ಸುಟ್ಟೋರು ನೀವು, ಹಂಡೇಲಿ ಕೂರಬೇಕಾದೋನು ನಾನಾ? ಬಾರೇ ರಾಧಾ, ಹೋಗೋಣ."

ರಾಧಮ್ಮ ಮಾವನ ಮುಖ ನೋಡಿದಳು, ಗಂಡನ ಮುಖ ನೋಡಿದಳು, ಚೆಲ್ಲಿದ ಪಾಯಸವನ್ನು ಒರೆಸುತ್ತ ಕೂತುಬಿಟ್ಟಳು. ಹೋಗಲಿಲ್ಲ. ಅವನು ದಡದಡ ಜಗುಲಿ ಇಳಿದ.

ಇಳಿದವನು ಊರು ಬಿಡಲಿಲ್ಲ. ಬಿಟ್ಟಿದ್ದರೆ ಕಥೆ ಇರುತ್ತಿರಲಿಲ್ಲ. ಆ ಸುಮಾರಿಗೆ ಕೆರೆಯ ಹತ್ತಿರದ ಟೆಂಟಿನ ಮಾಲೀಕ ಪರಮಶಿವಯ್ಯನಿಗೆ ಹಿಂದಿ ಬಲ್ಲ ಒಬ್ಬ ಬೇಕಾಗಿದ್ದ. ಸುಬ್ಬಕೃಷ್ಣನ ಕೈಗೆ ಮೆಗಾಫೋನ್ ಬಂತು. ಟೆಂಟಿನ ಹಿಂದೆ, ರೀಲಿನ ಡಬ್ಬಗಳ ಪಕ್ಕದಲ್ಲೇ ವಾಸ. ಒಂದಲ್ಲ ಒಂದು ದಿನ ರಾಧಮ್ಮ ತಾನಾಗಿ ಬರುತ್ತಾಳೆ, ಅಪ್ಪನ ಹಟ ಮುರಿಯುತ್ತದೆ ಅಂತ ಕಾದ. ಬೆಳಗ್ಗೆ ಅವಳು ಬಾವಿಗೆ ಬರುವ ಹೊತ್ತಿಗೆ ಎದುರಿನ ಸೋಡಾ ಅಂಗಡಿಯಲ್ಲಿ ನಿಂತಿರುತ್ತಿದ್ದ. ಅವಳು ತಲೆ ಎತ್ತದೆ ನೀರು ಸೇದಿ ಹೋಗುತ್ತಿದ್ದಳು. ಊರಿನವರಿಗೆ ಅವನು 'ಸತ್ತ ಸುಬ್ಬಕೃಷ್ಣ' ಆದ. "ಏನ್ ಸ್ವಾಮಿ, ಮೇಲ್ಗಡೆ ಎಲ್ಲಾ ಚೆನ್ನಾಗವ್ರಾ?" ಅಂತ ಕೇಳುವವರೇ ಎಲ್ಲ. ಅವನೂ ನಗುತ್ತಿದ್ದ.

ಆ ಟೆಂಟನ್ನು ಈಗ ನೆನೆಸಿಕೊಂಡರೂ ಮನಸ್ಸು ಹಿಗ್ಗುತ್ತದೆ. ಸಂಜೆ ದೇವರ ಹಾಡಿನ ರೆಕಾರ್ಡು ಊರಿಗೆಲ್ಲ ಕೇಳಿಸಿತೆಂದರೆ ಅಡುಗೆಮನೆಗಳಲ್ಲಿ ಗಡಿಬಿಡಿ. ಕಡಲೆಕಾಯಿಯ ಪೊಟ್ಟಣ, ಮಡಿಲಲ್ಲಿ ಕೂಸು, ಕೂರಲು ಒಂದು ಗೋಣಿಚೀಲ, ಇಷ್ಟಿದ್ದರೆ ಸ್ವರ್ಗಕ್ಕೆ ಟಿಕೆಟ್ಟು ಸಿಕ್ಕಂತೆ. ಗಂಡಸರಿಗೂ ಹೆಂಗಸರಿಗೂ ಮಧ್ಯೆ ಮೊಣಕಾಲೆತ್ತರದ ಮಣ್ಣಿನ ಗೋಡೆ. ಹೆಂಗಸರ ಬಾಗಿಲಲ್ಲಿ ಗೇಟ್‌ಕೀಪರ್ ಗಿರಿಯಮ್ಮ, ಬಾಯಿತುಂಬ ಎಲೆಅಡಿಕೆ. ಅವಳ ಕಣ್ಣು ತಪ್ಪಿಸಿ ಒಂದು ಇರುವೆಯೂ ಒಳಗೆ ಹೋಗುವಂತಿರಲಿಲ್ಲ. ರೀಲು ಬದಲಾಯಿಸುವಾಗ ದೀಪ ಹತ್ತಿದರೆ ಎಲ್ಲರೂ ಎಲ್ಲರ ಮುಖ ನೋಡಿಕೊಂಡು, ಮುಂದೇನಾಗುತ್ತದೆಂದು ವಾದಿಸುತ್ತಿದ್ದರು. ಅಂಥ ಸುಖ ಈಗೆಲ್ಲಿದೆ ಹೇಳಿ.

ಒಂದು ಮಾಘದಲ್ಲಿ ತುಮಕೂರಿನ ಏಜೆಂಟರ ಕಡೆಯಿಂದ ಒಂದು ಹಿಂದಿ ಪಿಚ್ಚರ್ ಬಂತು. ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ, ಎಲ್ಲರೂ 'ಬಂಗಲೆ ಪಿಚ್ಚರ್' ಅಂದರು. ದೊಡ್ಡ ಬಂಗಲೆಯ ಸೊಸೆ ಮೊದಲನೇ ರೀಲಿನಲ್ಲೇ ಮಹಡಿಯಿಂದ ಕೆಳಗೆ ಬೀಳುತ್ತಾಳೆ. ಮುಂದಿನ ದೃಶ್ಯದಲ್ಲಿ ತನ್ನ ಹಾಸಿಗೆಯಲ್ಲಿ ಎಚ್ಚರವಾಗುತ್ತಾಳೆ. ಅಲ್ಲಿಂದಾಚೆ ಆ ಮನೆಯಲ್ಲಿ ಯಾರೂ ಅವಳೊಡನೆ ಮಾತಾಡುವುದಿಲ್ಲ. ಗಂಡ ಪಕ್ಕದಲ್ಲೇ ಕೂತು ಕಿಟಕಿ ನೋಡುತ್ತಾನೆ. ಆಳು ತಟ್ಟೆ ಇಡುತ್ತಾನೆ, ಅವಳು ಕೈ ಹಾಕುವಷ್ಟರಲ್ಲಿ ತೆಗೆದುಕೊಂಡು ಹೋಗುತ್ತಾನೆ. ನಾಯಿ ಅವಳನ್ನು ಕಂಡು ಬೊಗಳುತ್ತದೆ. ಅವಳು ಸತ್ತು ದೆವ್ವವಾಗಿದ್ದಾಳೋ, ಇಲ್ಲ ಬದುಕಿರುವವಳಿಗೆ ಹುಚ್ಚು ಹಿಡಿಸಲು ಮನೆಯವರೇ ಹೀಗೆ ಆಟ ಕಟ್ಟಿದ್ದಾರೋ ತಿಳಿಯುವುದೇ ಇಲ್ಲ. ಮನೆಯ ಕನ್ನಡಿಗೆಲ್ಲ ಬಟ್ಟೆ ಹೊದಿಸಿರುತ್ತಾರೆ. ಕೊನೆಯಲ್ಲಿ ಅವಳು ಸರಕ್ಕನೆ ಕನ್ನಡಿಯ ಬಟ್ಟೆ ಎಳೆಯುತ್ತಾಳೆ. ಪರದೆಯ ತುಂಬ ಅವಳ ಅಗಲ ಕಣ್ಣು. ಕನ್ನಡಿಯನ್ನು ತೋರಿಸುವುದಿಲ್ಲ! ದೀಪ ಆರುತ್ತದೆ, ಪಿಚ್ಚರ್ ಮುಗಿಯುತ್ತದೆ.

ಮೊದಲ ದಿನ ಟೆಂಟಿನಲ್ಲಿ ದೊಂಬಿ ಆಗುವುದೊಂದು ಬಾಕಿ. "ಕನ್ನಡೀಲಿ ಕಂಡ್ಳಾ ಇಲ್ವಾ? ಹೇಳ್ರೀ!" ಅಂತ ಮರಳು ತೂರಿದರು. ಸುಬ್ಬಕೃಷ್ಣನಿಗೇನು ಗೊತ್ತು, ಪಿಚ್ಚರಿನಲ್ಲೇ ಇಲ್ಲ. ಪರಮಶಿವಯ್ಯ ಅವನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ, "ಅಯ್ನೋರೆ, ಇವತ್ತು ಬದುಕ್ಸಿ, ನಾಳೆ ಸಾಯ್ಸಿ. ಬುಡಿ, ಜನ ಎಲ್ಡೆಲ್ಡು ಸಲ ಬರ್ಲಿ" ಅಂದ. ಹಾಗೇ ನಡೆಯಿತು. ಒಂದು ಸಂಜೆ ಸೊಸೆ ಸತ್ತಿದ್ದಳು, ಒಂದು ಸಂಜೆ ಬದುಕಿದ್ದಳು. ಊರು ಎರಡು ಪಂಗಡವಾಯಿತು. ಬಾವಿಯ ಕಟ್ಟೆ, ಕ್ಷೌರದ ಅಂಗಡಿ, ದೇವಸ್ಥಾನದ ಜಗುಲಿ ಎಲ್ಲೆಲ್ಲೂ ಅದೇ ಮಾತು. ವಾದ ತಾರಕಕ್ಕೇರಿದಾಗ ಯಾರಾದರೊಬ್ಬರು, "ನಮ್ ಸತ್ತ ಸುಬ್ಬಕೃಷ್ಣನ್ನೇ ಕೇಳ್ರಪ್ಪಾ, ಅವನಿಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತು!" ಅನ್ನುತ್ತಿದ್ದರು. ಹಗಲು ನಕ್ಕುಬಿಡುತ್ತಿದ್ದ. ಸಂಜೆ ಆ ಸೊಸೆ ಗಂಡನ ಕಣ್ಣ ಮುಂದೆ ಕೈ ಆಡಿಸುವ ದೃಶ್ಯ ಬಂದರೆ ಮಾತ್ರ ಅವನು ಮೆಗಾಫೋನನ್ನು ಬಾಯಿಂದ ಇಳಿಸಿಬಿಡುತ್ತಿದ್ದ. ಸೋಡಾ ಅಂಗಡಿಯ ಮುಂದೆ ನಿಂತು ತಾನು ಮಾಡುತ್ತಿದ್ದುದೂ ಅದೇ ತಾನೇ.

ಗುಬ್ಬಿಯಲ್ಲಿ ಆಟ ನಡೆಸಲು ಟೆಂಟಿಗಿದ್ದ ಲೈಸೆನ್ಸು ಮುಗಿಯುತ್ತ ಬಂತು. ಇನ್ನು ಟೆಂಟು ಕುಣಿಗಲ್ಲಿಗೆ ಹೋಗಬೇಕು, ಅದರ ಜೊತೆ ಸುಬ್ಬಕೃಷ್ಣನೂ. ಈ ಸಲ ಹೋದರೆ ಮತ್ತೆ ಗುಬ್ಬಿಗೆ ಬರುವುದಿಲ್ಲ, ರಾಧಮ್ಮನ ಆಸೆ ಬಿಟ್ಟುಬಿಡುತ್ತೇನೆ ಅಂತ ಅವನು ಮನಸ್ಸಿನಲ್ಲೇ ತೀರ್ಮಾನ ಮಾಡಿದ. ಕೊನೆಯ ಆಟಕ್ಕೆ ಜನವೋ ಜನ.

ಅವನಿಗೆ ತಿಳಿಯದೆ ಅವತ್ತು ಒಂದು ಸಂಗತಿ ನಡೆದಿತ್ತು. ಗಿರಿಯಮ್ಮ ದಿನವೂ ಹಿತ್ತಲಿಗೆ ಬೆರಣಿ ಕೊಡಲು ಹೋದಾಗ ರಾಧಮ್ಮನಿಗೆ ಪಿಚ್ಚರಿನ ಕಥೆ ಹೇಳುತ್ತಿದ್ದಳು. ಅವತ್ತು, "ಅಮ್ಮಾರೆ, ಆವಮ್ಮ ಬದುಕವ್ಳೋ ಸತ್ತವ್ಳೋ, ನೀವೇ ಬಂದು ನೋಡಿ ಹೇಳ್ಬುಡಿ" ಅಂದಳು. ರಾಧಮ್ಮ ಸಂಜೆ ಹೊರಟು ನಿಂತಳು. ವಿಧವೆ ಸಿನಿಮಾಕ್ಕೆ ಹೋಗುವುದೆಂದರೆ ಆ ಕಾಲದಲ್ಲಿ ಸಾಮಾನ್ಯವೇ? ಜಗುಲಿಯಲ್ಲಿ ಕೂತಿದ್ದ ಮಾವನವರು, "ಎಲ್ಲಿಗಮ್ಮಾ?" ಅಂದರು. "ಪಿಚ್ಚರಿಗೆ." ಸೀತಾರಾಮಯ್ಯನವರು ಪಂಚಾಂಗದಿಂದ ತಲೆ ಎತ್ತಲಿಲ್ಲ. "ಚಳಿ ಇದೆ, ನನ್ನ ಶಾಲು ಹೊದ್ದುಕೊಂಡು ಹೋಗು" ಅಂದರು.

ಕೊನೆಯ ರೀಲು ಬಂತು. ಸರದಿಯಂತೆ ಅವತ್ತು ಸೊಸೆಯನ್ನು ಬದುಕಿಸುವ ದಿನ. ಕನ್ನಡಿಯ ಬಟ್ಟೆ ಸರಿಯಿತು, ಪರದೆ ಕಪ್ಪಾಯಿತು. ದೀಪ ಇನ್ನೂ ಹತ್ತಿರಲಿಲ್ಲ. ಸುಬ್ಬಕೃಷ್ಣ ಎದ್ದು ನಿಂತು ಮೆಗಾಫೋನಿನಲ್ಲಿ ಹೇಳತೊಡಗಿದ. ಮನಸ್ಸಿನಲ್ಲಿದ್ದದ್ದೆಲ್ಲ ಹೊರಗೆ ಬಂತು. "ಮಹಾಜನಗಳೇ, ಅವಳು ಬದುಕಿದಾಳೆ! ಗುಂಡುಕಲ್ಲಿನ ಹಾಗೆ ಬದುಕಿದಾಳೆ! ಮನೆಯೋರು ಕಣ್ಣಿದ್ದೂ ಕುರುಡರಾದ್ರೆ ಅವಳೇನು ಮಾಡಬೇಕು? ನಾನು ಬದುಕಿದೀನಿ, ಬದುಕಿದೀನಿ ಅಂತ ಅವರ ಕಾಲಿಗೆ ಬೀಳಬೇಕಾ? ಬೀಳಲ್ಲ! ಬೇಕಾದ್ರೆ ಅವರೇ ಬರಲಿ!"

ಹೆಂಗಸರ ಕಡೆಯ ಕತ್ತಲಿನಿಂದ ಒಂದು ದನಿ ಬಂತು.

"ಬದುಕಿದಾಳೆ ಅಂತ ಯಾರಿಗೆ ಗೊತ್ತಿಲ್ಲ? ಎಲ್ಲರಿಗೂ ಗೊತ್ತು. ಬೀದೀಲಿ ನಿಂತು ಬದುಕಿದೀನಿ ಅಂತ ಕೂಗಿದ್ರೆ ಒಳಗಿರೋರಿಗೆ ಏನು ಬಂತು?"

ಸುಬ್ಬಕೃಷ್ಣನ ಕೈಯಿಂದ ಮೆಗಾಫೋನ್ ಜಾರಿತು. ಆ ದನಿ ಕೇಳಿ ಎಷ್ಟು ವರ್ಷವಾಗಿತ್ತು!

"ಹಂಡೇಲಿ ಒಂದು ಗಳಿಗೆ ಮುದುಡಿ ಕೂರೋಕೆ ಅವಮಾನ. ಒಳಗೊಬ್ಬಳು ವರ್ಷಗಟ್ಟಲೆ ಮುದುಡಿ ಕೂತಿದಾಳಲ್ಲ, ಅದು ಕಾಣಲ್ವಾ? ನೀವು ಸತ್ತಿಲ್ಲ ಕಣ್ರೀ. ಕನ್ನಡಿ ತಿರುಗಿಸಿಟ್ಟು, ಸತ್ತು ಕೂತಿರೋಳು ನಾನು."

ದೀಪ ಹತ್ತಿತು. ಅಪ್ಪನ ಶಾಲು ಹೊದ್ದ ಬೋಳು ಹಣೆಯ ಹೆಂಗಸು ಆಗಲೇ ಬಾಗಿಲ ಹತ್ತಿರ ಹೋಗಿದ್ದಳು. ಗಿರಿಯಮ್ಮ ಕಣ್ಣೊರೆಸಿಕೊಳ್ಳುತ್ತ ತೆರೆ ಎತ್ತಿ ಹಿಡಿದಿದ್ದಳು. ಇಡೀ ಟೆಂಟಿನಲ್ಲಿ ಒಂದು ಕಡಲೆಕಾಯಿ ಒಡೆದ ಸದ್ದೂ ಇಲ್ಲ. ಸುಬ್ಬಕೃಷ್ಣ ಮರಳಿನ ಮೇಲೆ ಕೂತು ಅತ್ತ. ಇಷ್ಟು ದಿನ ಅವನು ಅಪ್ಪನ ಹಟವನ್ನು ನೋಡಿದ್ದ, ತನ್ನ ಮಾನವನ್ನು ನೋಡಿಕೊಂಡಿದ್ದ. ಅವಳನ್ನು ನೋಡಿರಲೇ ಇಲ್ಲ. ಬಾವಿಯ ಕಟ್ಟೆಯಲ್ಲಿ ಅವಳು ತಲೆ ತಗ್ಗಿಸಿಕೊಂಡು ಹೋದಾಗ, ತನಗೆ ಮುಖ ಕೊಡಲಿಲ್ಲವೆಂದು ಮುನಿಸಿಕೊಂಡಿದ್ದನೇ ಹೊರತು ಅವಳಿಗೆ ಎತ್ತಲು ಮುಖವೆಲ್ಲಿದೆ ಎಂದು ಯೋಚಿಸಿರಲಿಲ್ಲ.

ಬೆಳಗಾಗುತ್ತಲೇ ಸ್ನಾನ ಮಾಡಿ ಮನೆಯ ಮುಂದೆ ಹೋಗಿ ನಿಂತ. ಸೀತಾರಾಮಯ್ಯನವರು ಜಗುಲಿಯಲ್ಲೇ ಇದ್ದರು. "ಅಪ್ಪಾ, ಹುಟ್ತೀನಿ" ಅಂದ. ಅಷ್ಟೇ ಅಂದದ್ದು.

ಮುದುಕರು ಪಂಚಾಂಗ ಮುಚ್ಚಿಟ್ಟು ಎದ್ದರು. ಒಳಗೆ ತಿರುಗಿ, "ರಾಧಾ, ಭರಣಿಗಳನ್ನ ತೆಗಿಯಮ್ಮಾ" ಅಂದರು. ನಡುಮನೆಗೆ ಭರಣಿಗಳು ಒಂದೊಂದಾಗಿ ಬಂದವು. ತುಂಬ ತುಪ್ಪ. ಹುಣಿಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಹಂಡೆಯೂ ಹಿತ್ತಲಲ್ಲಿ ಥಳಥಳ ಅನ್ನುತ್ತಿತ್ತು. ಸುಬ್ಬಕೃಷ್ಣ ಬೆರಗಾಗಿ ನೋಡುತ್ತಿದ್ದ. "ನೀವು ತಿರುಗಿ ಬಂದ ದಿನದಿಂದ ಮಾವನವರು ಅನ್ನಕ್ಕೆ ತುಪ್ಪ ಹಾಕಿಸ್ಕೊಂಡಿಲ್ಲ. ಕಾಸಿದ್ದನ್ನೆಲ್ಲಾ ಎತ್ತಿಡು ಅಂತಿದ್ರು" ಅಂತ ರಾಧಮ್ಮ ಮೆಲ್ಲಗೆ ಹೇಳಿದಳು.

ಮೀಸೆ ಬಂದ ಗಂಡಸು ಹಂಡೆಯಲ್ಲಿ ಮೊಣಕಾಲು ಎದೆಗೆ ಸೇರಿಸಿ, ಮುಷ್ಟಿ ಬಿಗಿಹಿಡಿದು, ಕಣ್ಣು ಮುಚ್ಚಿ ಕೂತ. ನೋಡಲು ಬಂದವರಲ್ಲಿ ಕೆಲವರು ಕಿಸಕ್ಕನೆ ನಕ್ಕರು. ಮಂತ್ರ ಮುಗಿಯಿತು. ಸೀತಾರಾಮಯ್ಯನವರು ಬಗ್ಗಿ ಮಗನ ಕಂಕುಳಿಗೆ ಕೈ ಹಾಕಿ ಎತ್ತಿದರು. ತುಪ್ಪಕ್ಕೆ ಕೈ ಜಾರುತ್ತಿತ್ತು, ಆದರೂ ಬಿಡಲಿಲ್ಲ. "ಹುಟ್ಟಿದ ಕೂಸು ಅಳಬೇಕು ಕಣೋ" ಅಂದರು. ಅನ್ನುವಷ್ಟರಲ್ಲಿ ಅವರಿಗೇ ಅಳು ಒತ್ತಿಕೊಂಡು ಬಂತು. ಅಪ್ಪ ಮಗ ಇಬ್ಬರೂ ಹಿತ್ತಲಲ್ಲಿ ಹೋ ಎಂದು ಅತ್ತರು. ನಗಲು ಬಂದವರೂ ಅತ್ತರು. ಕಿವಿಯಲ್ಲಿ ಹೆಸರು ಹೇಳುವಾಗ ಹೊಸ ಹೆಸರಿಡಬಹುದಿತ್ತು. ಅವರು ಹಳೆಯದನ್ನೇ ಹೇಳಿದರು. ಪುಷ್ಯದ ಆ ತಿಥಿಯನ್ನು ಮಾತ್ರ ಸೀತಾರಾಮಯ್ಯನವರು ನಿಲ್ಲಿಸಲಿಲ್ಲ. ಕೋಟು ತೊಟ್ಟು ಹೋದ ಆ ಪುಣ್ಯಾತ್ಮನಿಗೆ ಯಾರಿದ್ದಾರೆ ಅಂತ, ಇರುವಷ್ಟು ವರ್ಷ ಅವನ ಹೆಸರು ತಿಳಿಯದೆಯೇ ಮಾಡಿದರು.

ಮುಂಜಿಯಾಯಿತು. ಮದುವೆಯ ದಿನ ಬಂತು. ಕುಣಿಗಲ್ಲಿನಿಂದ ತವರಿನವರು ಬಂದರು. ಪರಮಶಿವಯ್ಯ ಟೆಂಟನ್ನು ಎರಡು ದಿನ ತಡವಾಗಿ ಎತ್ತಿದ, ರೆಕಾರ್ಡು ತಂದು ತಾನೇ ಹಾಕಿದ. ಗಿರಿಯಮ್ಮ ಕೈತುಂಬ ಹಸಿರು ಬಳೆ ತಂದು, "ತೊಡ್ಸಿ ತೊಡ್ಸಿ, ಒಂದೂ ಉಳಿಸ್ಬ್ಯಾಡಿ" ಅಂತ ಬಾಗಿಲಲ್ಲಿ ನಿಂತು ಕೂಗಾಡಿದಳು.

ಹಸೆಗೆ ಏಳುವ ಮೊದಲು ರಾಧಮ್ಮ ಹಣೆಗೆ ಇಟ್ಟುಕೊಳ್ಳಬೇಕಿತ್ತು. ಸುಬ್ಬಕೃಷ್ಣ ಯಾರನ್ನೂ ಕೇಳದೆ ಒಳಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿದ್ದ ಕನ್ನಡಿಯನ್ನು ತೆಗೆದ. ಪಂಚೆಯ ತುದಿಯಿಂದ ಧೂಳು ಒರೆಸಿದ. ಅವಳ ಮುಂದೆ ಕೂತು ಎರಡು ಕೈಯಲ್ಲೂ ಹಿಡಿದ. ರಾಧಮ್ಮ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದಳು. ಆಮೇಲೆ ತೆರೆದಳು. ಬೆರಳಿನ ಕುಂಕುಮ ಗಾಳಿಯಲ್ಲೇ ನಿಂತಿತ್ತು, ಅವನ ಕೈ ನಡುಗಿ ಕನ್ನಡಿ ಅಲ್ಲಾಡುತ್ತಿತ್ತು.

"ಅಲ್ಲಾಡಿಸ್ಬೇಡ್ರೀ" ಅಂದಳು ಅವಳು. "ಕಾಣ್ತಿದಾಳೆ."